ವಾಣಿಜ್ಯ ಫ್ರಿಜ್ ಮತ್ತು ಫ್ರೀಜರ್‌ಗಳ ಒಳಜೋಡಣೆ: ಯಾವ ಕ್ರಮ ಯಾವ ಅಡುಗೆಮನೆಗೆ ಒಪ್ಪುತ್ತದೆ?

ಆಹಾರದ ವ್ಯಾಪಾರ ನಡೆಸುವವರು ಫ್ರಿಜ್ ಕೊಳ್ಳುವಾಗ ಎಷ್ಟು ಲೀಟರ್, ಎಂಥ ಕಂಪ್ರೆಸರ್, ವಾರಂಟಿ ಎಷ್ಟು ವರ್ಷ ಎಂಬುದನ್ನೆಲ್ಲ ಕೂಲಂಕಷವಾಗಿ ವಿಚಾರಿಸುತ್ತಾರೆ. ಅದು ಅಡುಗೆಮನೆಗೆ ಬಂದ ಮೇಲೆ ಒಳಗೆ ಯಾವುದು ಎಲ್ಲಿರಬೇಕು ಎಂಬ ಪ್ರಶ್ನೆಯನ್ನು ಮಾತ್ರ ಮೊದಲ ದಿನ ಸರಕು ತುಂಬಿದವರಿಗೆ ಬಿಟ್ಟುಬಿಡುತ್ತಾರೆ. ಆ ದಿನದ ಅವಸರದಲ್ಲಿ ಹುಟ್ಟಿದ ಜೋಡಣೆಯೇ ಮುಂದೆ ವರ್ಷಗಟ್ಟಲೆ ನಡೆದುಕೊಂಡು ಹೋಗುತ್ತದೆ. ಸರಕು ಅವಧಿಗೆ ಮುಂಚೆ ಕೆಡುವುದು, ಬೇಕಾದದ್ದನ್ನು ಹುಡುಕುತ್ತ ಬಾಗಿಲು ತೆರೆದು ನಿಲ್ಲುವುದು, ಒಳಗೆ ಇದ್ದದ್ದನ್ನೇ ಮತ್ತೆ ತರಿಸುವುದು, ಇವುಗಳಿಗೆಲ್ಲ ಅನೇಕ ವೇಳೆ ಯಂತ್ರಕ್ಕಿಂತ ಈ ಜೋಡಣೆಯೇ ಹೆಚ್ಚು ಕಾರಣವಾಗಿರುತ್ತದೆ. ಇಲ್ಲಿ ಜೋಡಣೆಯ ಬೇರೆ ಬೇರೆ ಕ್ರಮಗಳನ್ನೂ ಅವುಗಳಿಗೆ ಬೇಕಾಗುವ ಶೆಲ್ಫ್, ಪಾತ್ರೆ, ಲೇಬಲ್‌ಗಳನ್ನೂ ಒಂದರ ಪಕ್ಕ ಒಂದನ್ನು ಇಟ್ಟು ನೋಡಲಾಗಿದೆ.

ಯಾವ ಕ್ರಮವನ್ನು ಆರಿಸಿಕೊಂಡರೂ ಕೆಲವು ಅಂಕಿಗಳು ಬದಲಾಗುವುದಿಲ್ಲ. ರೋಗ ತರುವ ಬ್ಯಾಕ್ಟೀರಿಯಾಗಳು ಹೆಚ್ಚಾಗಿ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೆಳೆಯುತ್ತವೆ. ಆದ್ದರಿಂದ ಫ್ರಿಜ್‌ನಲ್ಲಿಟ್ಟ ಆಹಾರ 5 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರಬೇಕು. ಫ್ರೀಜರ್‌ನಲ್ಲಿಟ್ಟದ್ದು ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರಬೇಕು. ಕಾನೂನಿನ ಮಿತಿ ದೇಶದಿಂದ ದೇಶಕ್ಕೆ ತುಸು ಬೇರೆಯಾಗಬಹುದಾದರೂ ಈ ಎರಡು ಅಂಕಿಗಳನ್ನು ಹಿಡಿದುಕೊಂಡವರು ಹೆಚ್ಚಿನ ಕಡೆ ತಪ್ಪುವುದಿಲ್ಲ. ಬಾಗಿಲಿನ ಮೇಲಿನ ಡಿಸ್‌ಪ್ಲೇ ತೋರಿಸುವುದು ಒಳಗಿನ ಗಾಳಿಯ ತಾಪಮಾನವನ್ನೇ ಹೊರತು ಆಹಾರದ ತಾಪಮಾನವನ್ನಲ್ಲ. ಬಾಗಿಲು ದಿನವಿಡೀ ತೆರೆದು ಮುಚ್ಚುವ ಅಡುಗೆಮನೆಯಲ್ಲಿ ಗಾಳಿಯನ್ನು 2 ಅಥವಾ 3 ಡಿಗ್ರಿಗೆ ನಿಲ್ಲಿಸಿದರೆ ಮಾತ್ರ ಆಹಾರ 5ರ ಒಳಗೆ ಉಳಿಯುತ್ತದೆ. ಇಷ್ಟಾದರೂ ಫ್ರಿಜ್ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ನಿಧಾನ ಮಾಡುತ್ತದೆಯೇ ಹೊರತು ಪೂರ್ತಿ ನಿಲ್ಲಿಸುವುದಿಲ್ಲ. ಲಿಸ್ಟೀರಿಯಾದಂಥವು ಸೊನ್ನೆಯ ಆಸುಪಾಸಿನಲ್ಲಿಯೂ ಮೆಲ್ಲನೆ ಬೆಳೆಯಬಲ್ಲವು. ಫ್ರೀಜರ್ ಬೆಳವಣಿಗೆಯನ್ನು ನಿಲ್ಲಿಸುತ್ತದೆ, ಆದರೆ ಎಲ್ಲವನ್ನೂ ಕೊಲ್ಲುವುದಿಲ್ಲ. ಕರಗಿದ ಮೇಲೆ ಉಳಿದವು ಮತ್ತೆ ಬೆಳೆಯತೊಡಗುತ್ತವೆ.

ಜೋಡಣೆಯ ನಾಲ್ಕು ಕ್ರಮಗಳು

ಬಳಕೆಯಲ್ಲಿರುವ ಕ್ರಮಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು: ಅಪಾಯದ ಪ್ರಕಾರ, ಸರಕಿನ ಬಗೆಯ ಪ್ರಕಾರ, ಕೆಲಸದ ಜಾಗದ ಪ್ರಕಾರ ಮತ್ತು ದಿನಾಂಕದ ಪ್ರಕಾರ.

ಅಪಾಯದ ಪ್ರಕಾರ ಜೋಡಿಸುವುದು ಎಂದರೆ ಯಾವುದರ ಮೇಲೆ ಯಾವುದರ ಹನಿ ಬೀಳಬಾರದು ಎಂಬುದನ್ನು ನೋಡಿ ಜಾಗ ಕೊಡುವುದು. ಮತ್ತೆ ಬೇಯಿಸದೆ ಬಡಿಸುವ ಪದಾರ್ಥಗಳು, ಅಂದರೆ ಬೇಯಿಸಿಟ್ಟ ಅಡುಗೆ, ಹೆಚ್ಚಿದ ಹಣ್ಣು, ಸಲಾಡ್, ಕೆನೆ ಮೊದಲಾದವು ಎಲ್ಲಕ್ಕಿಂತ ಮೇಲಿನ ಶೆಲ್ಫ್‌ನಲ್ಲಿರುತ್ತವೆ. ಅದರ ಕೆಳಗೆ ಹಸಿ ಮೀನು, ಅದರ ಕೆಳಗೆ ಇಡೀ ತುಂಡಿನ ಮಾಂಸ, ಅದರ ಕೆಳಗೆ ಕೊಚ್ಚಿದ ಮಾಂಸ, ಎಲ್ಲಕ್ಕಿಂತ ಕೆಳಗೆ ಹಸಿ ಕೋಳಿಮಾಂಸ. ಈ ಕ್ರಮದ ಹಿಂದಿನ ತರ್ಕ ಸರಳವಾದದ್ದು. ಮೀನು ಮತ್ತು ಇಡೀ ತುಂಡಿನ ಮಾಂಸ ಒಳಗೆ 63 ಡಿಗ್ರಿ ಮುಟ್ಟಿದರೆ ಸಾಕು, ಕೊಚ್ಚಿದ ಮಾಂಸಕ್ಕೆ 71 ಡಿಗ್ರಿ ಬೇಕು, ಕೋಳಿಗೆ 74 ಡಿಗ್ರಿ ಬೇಕು. ಮೇಲಿನಿಂದ ಅಕಸ್ಮಾತ್ ಏನಾದರೂ ಸೋರಿದರೆ ಅದು ತನಗಿಂತ ಹೆಚ್ಚು ಶಾಖದಲ್ಲಿ ಬೇಯುವ ವಸ್ತುವಿನ ಮೇಲೆಯೇ ಬೀಳಲಿ ಎಂಬುದು ಉದ್ದೇಶ. ಈ ಕ್ರಮದ ದೌರ್ಬಲ್ಯವೆಂದರೆ ಇದು ವೇಗದ ಬಗ್ಗೆ ಏನನ್ನೂ ಹೇಳುವುದಿಲ್ಲ. ದಿನಕ್ಕೆ ನೂರು ಸಲ ಬೇಕಾಗುವ ಬೆಣ್ಣೆಯೂ ವಾರಕ್ಕೊಮ್ಮೆ ಬೇಕಾಗುವ ಸಾಸೂ ಇದರ ಕಣ್ಣಿಗೆ ಒಂದೇ.

ಸರಕಿನ ಬಗೆಯ ಪ್ರಕಾರ ಜೋಡಿಸಿದರೆ ಹಾಲಿನ ಪದಾರ್ಥಗಳೆಲ್ಲ ಒಂದು ಕಡೆ, ತರಕಾರಿ ಒಂದು ಕಡೆ, ಸಾಸ್ ಮತ್ತು ಚಟ್ನಿಗಳು ಇನ್ನೊಂದು ಕಡೆ ಇರುತ್ತವೆ. ದಾಸ್ತಾನು ಎಣಿಸುವವರಿಗೂ ಆರ್ಡರ್ ಕೊಡುವವರಿಗೂ ಇದಕ್ಕಿಂತ ಅನುಕೂಲವಾದ ಕ್ರಮವಿಲ್ಲ, ಏಕೆಂದರೆ ಖಾಲಿಯಾದ ಜಾಗವೇ ಏನು ತರಿಸಬೇಕು ಎಂದು ತೋರಿಸುತ್ತದೆ. ಹೆಚ್ಚಿನ ಸರಕು ಪ್ಯಾಕ್ ಆಗಿಯೇ ಬರುವ ಬೇಕರಿ, ಐಸ್‌ಕ್ರೀಮ್ ಅಂಗಡಿ, ಪಾನೀಯಗಳ ಅಂಗಡಿಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಹಸಿ ಮಾಂಸ ಒಳಗೆ ಬರುವ ಅಡುಗೆಮನೆಯಲ್ಲಿ ಮಾತ್ರ ಇದೊಂದನ್ನೇ ನಂಬುವುದು ಸಲ್ಲದು. ಎಲ್ಲ ಬಗೆಯ ಮಾಂಸವನ್ನೂ ಒಂದೇ ಶೆಲ್ಫ್‌ಗೆ ಸೇರಿಸಿದಾಗ ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ಬೇಯಿಸಿದ ಮಾಂಸವೂ ಹಸಿ ಮಾಂಸವೂ ಅಕ್ಕಪಕ್ಕ ಬಂದು ಕೂರುತ್ತವೆ.

ಕೆಲಸದ ಜಾಗದ ಪ್ರಕಾರ ಜೋಡಿಸುವುದು ಗ್ರಾಹಕರು ಕೇಳಿದ ಹಾಗೆ ಆಗಿಂದಾಗಲೇ ಮಾಡಿಕೊಡುವ ಹೋಟೆಲ್‌ಗಳ ರೀತಿ. ತವೆಯ ಮುಂದೆ ನಿಂತವರಿಗೆ ಬೇಕಾದದ್ದೆಲ್ಲ ಒಂದು ಶೆಲ್ಫ್‌ನಲ್ಲಿ, ಸಲಾಡ್ ಮಾಡುವವರಿಗೆ ಬೇಕಾದದ್ದೆಲ್ಲ ಮತ್ತೊಂದರಲ್ಲಿ. ದಟ್ಟಣೆಯ ಹೊತ್ತಿನಲ್ಲಿ ಇದು ಉಳಿಸುವ ಸಮಯ ದೊಡ್ಡದು. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಒಂದೇ ಪದಾರ್ಥ ಮೂರು ಕಡೆ ತೆರೆದ ಡಬ್ಬಿಗಳಲ್ಲಿ ಕೂರುತ್ತದೆ, ಒಟ್ಟು ಎಷ್ಟಿದೆ ಎಂದು ಯಾರಿಗೂ ತಿಳಿದಿರುವುದಿಲ್ಲ, ಹಳೆಯದು ಮೂಲೆಯಲ್ಲಿ ಉಳಿಯುತ್ತದೆ. ಈ ಕ್ರಮವನ್ನು ಆರಿಸುವವರು ಕೆಲಸದ ಜಾಗದಲ್ಲಿ ಒಂದು ಹೊತ್ತಿಗೆ ಬೇಕಾದಷ್ಟನ್ನೇ ಇಟ್ಟು, ಉಳಿದದ್ದನ್ನು ಮುಖ್ಯ ಫ್ರಿಜ್‌ನಲ್ಲಿ ಬಗೆಯ ಪ್ರಕಾರ ಇಡುವುದಾದರೆ ಮಾತ್ರ ಲೆಕ್ಕ ಹಿಡಿತದಲ್ಲಿರುತ್ತದೆ.

ದಿನಾಂಕದ ಪ್ರಕಾರ ಜೋಡಿಸುವುದು ಒಂದೇ ಸಲ ದೊಡ್ಡ ಪ್ರಮಾಣದಲ್ಲಿ ಮಾಡಿ, ಮುಂದಿನ ದಿನಗಳಲ್ಲಿ ಕಳಿಸುವ ಕ್ಯಾಟರಿಂಗ್ ಮತ್ತು ಕೇಂದ್ರ ಅಡುಗೆಮನೆಗಳಿಗೆ ಹೇಳಿಸಿದ್ದು. ಸೋಮವಾರಕ್ಕೆ ಒಂದು ರ್‍ಯಾಕ್, ಮಂಗಳವಾರಕ್ಕೆ ಒಂದು ರ್‍ಯಾಕ್ ಎಂದು ಇಟ್ಟರೆ ಬೆಳಗ್ಗೆ ಬಂದವರು ಆ ದಿನದ ರ್‍ಯಾಕನ್ನು ತಳ್ಳಿಕೊಂಡು ಹೋದರಾಯಿತು. ಚಿಕ್ಕ ಫ್ರಿಜ್ ಇರುವವರಿಗೆ ಇದರಿಂದ ಲಾಭ ಕಡಿಮೆ.

ಈ ನಾಲ್ಕರಲ್ಲಿ ಒಂದನ್ನು ಹಿಡಿದು ಉಳಿದ ಮೂರನ್ನು ಬಿಡಬೇಕು ಎಂದು ತಿಳಿಯುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ. ಫ್ರಿಜ್‌ಗೆ ಎತ್ತರ, ಅಗಲ, ಆಳ ಎಂಬ ಮೂರು ದಿಕ್ಕುಗಳಿವೆ. ಎತ್ತರವನ್ನು ಅಪಾಯಕ್ಕೆ ಮೀಸಲಿಡಬೇಕು. ಹನಿ ಬೀಳುವುದು ಕೆಳಮುಖವಾಗಿಯೇ ಆದ್ದರಿಂದ ಇಲ್ಲಿ ರಾಜಿ ಇಲ್ಲ. ಅಗಲವನ್ನು, ಅಂದರೆ ಒಂದೇ ಶೆಲ್ಫ್‌ನ ಎಡದಿಂದ ಬಲಕ್ಕಿರುವ ಜಾಗವನ್ನು, ಬಗೆಗೋ ಕೆಲಸದ ಜಾಗಕ್ಕೋ ಕೊಡಬಹುದು. ಆಳವನ್ನು ದಿನಾಂಕಕ್ಕೆ ಬಿಡಬೇಕು: ಮುಂದೆ ಬೇಗ ಮುಗಿಯಬೇಕಾದದ್ದು, ಹಿಂದೆ ಹೊಸದು. ಹಾಗಾಗಿ ನಿಜವಾಗಿ ಆಯ್ದುಕೊಳ್ಳಬೇಕಾದದ್ದು ಅಗಲವನ್ನು ಯಾವುದಕ್ಕೆ ಕೊಡಬೇಕು ಎಂಬ ಒಂದೇ ವಿಷಯವನ್ನು. ಒಳಗೆ ಬರುವ ಪದಾರ್ಥಗಳ ಸಂಖ್ಯೆ ಹೆಚ್ಚು, ಬಾಗಿಲು ತೆರೆಯುವುದು ಕಡಿಮೆ ಎಂದಾದರೆ ಬಗೆಯ ಪ್ರಕಾರ; ಪದಾರ್ಥಗಳು ಕಡಿಮೆ, ಬಾಗಿಲು ತೆರೆಯುವುದು ಹೆಚ್ಚು ಎಂದಾದರೆ ಕೆಲಸದ ಜಾಗದ ಪ್ರಕಾರ.

ಒಂದು ತೊಡಕನ್ನು ಇಲ್ಲಿ ಹೇಳಬೇಕು. ಕೆಲವು ಫ್ರಿಜ್‌ಗಳಲ್ಲಿ, ಅದರಲ್ಲೂ ಒಳಗೆ ಫ್ಯಾನ್ ಇಲ್ಲದವುಗಳಲ್ಲಿ, ಮೇಲಿನ ಶೆಲ್ಫ್ ಉಳಿದವುಗಳಿಗಿಂತ ಬೆಚ್ಚಗಿರುತ್ತದೆ, ಮತ್ತು ಎತ್ತರದ ನಿಯಮ ಬೇಯಿಸಿದ ಅಡುಗೆಯನ್ನು ಅಲ್ಲಿಗೇ ಕಳಿಸುತ್ತದೆ. ಆಗ ಕ್ರಮವನ್ನು ತಲೆಕೆಳಗು ಮಾಡುವುದು ಪರಿಹಾರವಲ್ಲ. ಮೇಲೆ, ನಡುವೆ, ಕೆಳಗೆ, ಬಾಗಿಲಿನ ಹತ್ತಿರ ಒಂದೊಂದು ಥರ್ಮಾಮೀಟರ್ ಇಟ್ಟು ಒಂದು ಪೂರ್ತಿ ಕೆಲಸದ ದಿನ ನೋಡಬೇಕು. ಮೇಲಿನ ಶೆಲ್ಫ್ 5 ಡಿಗ್ರಿ ದಾಟುತ್ತಿದ್ದರೆ ಸರಕನ್ನು ಕಡಿಮೆ ಮಾಡಬೇಕು, ಸೆಟ್ಟಿಂಗ್ ಇಳಿಸಬೇಕು, ಅಥವಾ ಯಂತ್ರವನ್ನು ರಿಪೇರಿಗೆ ಕೊಡಬೇಕು. ಥರ್ಮಾಮೀಟರ್ ಸರಿಯಿದೆಯೇ ಎಂದು ನೋಡಲು ಪುಡಿಮಾಡಿದ ಮಂಜುಗಡ್ಡೆ ತುಂಬಿದ ನೀರಿನಲ್ಲಿ ಅದ್ದಿದರೆ ಸಾಕು, ಅದು ಸೊನ್ನೆ ತೋರಿಸಬೇಕು.

ಮೊದಲು ಬಂದದ್ದೋ, ಮೊದಲು ಮುಗಿಯುವುದೋ

ಆಳದ ದಿಕ್ಕಿನಲ್ಲಿ ಎರಡು ನಿಯಮಗಳು ಪೈಪೋಟಿ ನಡೆಸುತ್ತವೆ. ಮೊದಲು ಬಂದ ಸರಕನ್ನು ಮೊದಲು ಬಳಸುವುದು ಒಂದು, ಯಾವುದರ ಅವಧಿ ಮೊದಲು ಮುಗಿಯುತ್ತದೆಯೋ ಅದನ್ನು ಮೊದಲು ಬಳಸುವುದು ಇನ್ನೊಂದು. ಹೊಲದಿಂದ ಬಂದ ತರಕಾರಿ, ಅಡುಗೆಮನೆಯಲ್ಲೇ ಮಾಡಿದ ಸಾಸ್ ಮುಂತಾದವುಗಳಲ್ಲಿ ಎರಡೂ ಒಂದೇ ಫಲ ಕೊಡುತ್ತವೆ. ಪ್ಯಾಕ್ ಆಗಿ ಬರುವ ಹಾಲು, ಮೊಸರು, ಚೀಸ್‌ಗಳಲ್ಲಿ ಹಾಗಲ್ಲ; ಇವತ್ತು ಬಂದ ಪೆಟ್ಟಿಗೆಯ ಅವಧಿ ಮೊನ್ನೆ ಬಂದದ್ದಕ್ಕಿಂತ ಮುಂಚೆ ಮುಗಿಯುವುದು ಅಪರೂಪವೇನೂ ಅಲ್ಲ. ಆದ್ದರಿಂದ ಮುದ್ರಿತ ದಿನಾಂಕವಿರುವ ಸರಕಿಗೆ ಎರಡನೆಯ ನಿಯಮವೇ ಮೇಲು.

ನಿಯಮ ಯಾವುದಾದರೂ ಅದು ಮುರಿಯುವುದು ಒಂದೇ ಜಾಗದಲ್ಲಿ: ಭಾರದ ಪೆಟ್ಟಿಗೆ ಹೊತ್ತು ಬಂದವರು ಹಳೆಯದನ್ನೆಲ್ಲ ಹೊರತೆಗೆದು ಹೊಸದನ್ನು ಹಿಂದೆ ಇಡುವಷ್ಟು ತಾಳ್ಮೆ ಉಳಿಸಿಕೊಂಡಿರುವುದಿಲ್ಲ. ಒಂದು ಮೊಳಕ್ಕಿಂತ ಹೆಚ್ಚು ಆಳವಿರುವ ಶೆಲ್ಫ್‌ನಲ್ಲಿ ಈ ಶಿಸ್ತು ಬಹುಕಾಲ ನಿಲ್ಲುವುದಿಲ್ಲ ಎಂದೇ ಇಟ್ಟುಕೊಳ್ಳುವುದು ಒಳ್ಳೆಯದು. ಅಂಥಲ್ಲಿ ಎರಡು ದಾರಿಗಳಿವೆ. ಒಂದೇ ಪದಾರ್ಥಕ್ಕೆ ಅಕ್ಕಪಕ್ಕ ಎರಡು ಸಾಲು ಕೊಟ್ಟು, ಎಡಸಾಲು ಮುಗಿಯುವವರೆಗೆ ಬಲಸಾಲನ್ನು ಮುಟ್ಟದಂತೆ, ಹೊಸದು ಬಂದರೆ ಖಾಲಿಯಾದ ಸಾಲಿಗೆ ಹೋಗುವಂತೆ ಮಾಡಬಹುದು. ಇಲ್ಲವೇ ಸರಕನ್ನು ಉದ್ದನೆಯ ಟ್ರೇಗಳಲ್ಲಿಟ್ಟು, ಟ್ರೇಯನ್ನೇ ಪೂರ್ತಿ ಹೊರಗೆಳೆದು ಹಿಂದಿನಿಂದ ತುಂಬಬಹುದು. ಜಾಗ ಸಾಕಷ್ಟಿದ್ದರೆ ಎರಡು ಸಾಲು, ಇಲ್ಲದಿದ್ದರೆ ಟ್ರೇ.

ಯಂತ್ರದ ಬಗೆಗೆ ತಕ್ಕ ಜೋಡಣೆ

ನಿಲುವು ಫ್ರಿಜ್‌ನಲ್ಲಿ ಎತ್ತರ ಧಾರಾಳವಾಗಿರುವುದರಿಂದ ಅಪಾಯದ ಕ್ರಮ ಸಹಜವಾಗಿ ಕೂರುತ್ತದೆ. ಕೌಂಟರ್ ಅಡಿಯ ಫ್ರಿಜ್‌ನಲ್ಲಿ ಎರಡೇ ಶೆಲ್ಫ್ ಇರುವುದರಿಂದ ಅಲ್ಲಿ ಹಸಿ ಮಾಂಸವನ್ನೂ ಬೇಯಿಸಿದ್ದನ್ನೂ ಒಟ್ಟಿಗೆ ಇಡುವ ಯೋಚನೆಯನ್ನೇ ಬಿಡುವುದು ಉತ್ತಮ. ಒಂದು ಯಂತ್ರ ಒಂದಕ್ಕೇ. ಕೋಲ್ಡ್ ರೂಮ್, ಅಂದರೆ ಒಳಗೆ ನಡೆದು ಹೋಗಬಹುದಾದ ತಂಪು ಕೋಣೆ, ಇದ್ದವರು ಎತ್ತರದ ಬದಲು ಗೋಡೆಗಳನ್ನು ಹಂಚಬಹುದು: ಒಂದು ಗೋಡೆ ಹಸಿ ಮಾಂಸಕ್ಕೆ, ಎದುರು ಗೋಡೆ ತಯಾರಾದ ಆಹಾರಕ್ಕೆ, ಬಾಗಿಲಿನ ಪಕ್ಕದ ರ್‍ಯಾಕ್ ಮೇಲಿಂದ ಮೇಲೆ ಬೇಕಾಗುವ, ಬೇಗ ಕೆಡದ ಸರಕಿಗೆ. ಕೋಲ್ಡ್ ರೂಮ್‌ನಲ್ಲಿ ಏನನ್ನೂ ನೆಲಕ್ಕೆ ತಾಗಿಸಿ ಇಡಬಾರದು, ಕೊನೆಯ ಪಕ್ಷ 15 ಸೆಂಟಿಮೀಟರ್ ಮೇಲಿರಬೇಕು. ನೆಲ ತೊಳೆಯುವುದಕ್ಕೂ ಗಾಳಿ ಆಡುವುದಕ್ಕೂ ಅದು ಬೇಕು.

ಗಾಜಿನ ಬಾಗಿಲು ಮತ್ತು ಮುಚ್ಚಿದ ಬಾಗಿಲುಗಳ ನಡುವೆ ಆಯ್ಕೆ ಬಂದಾಗ, ಗಾಜಿನದರಲ್ಲಿ ತೆರೆಯದೆಯೇ ಒಳಗಿರುವುದು ಕಾಣುತ್ತದೆ ಎಂಬುದು ನಿಜ. ಆದರೆ ಗಾಜಿನ ಮೂಲಕ ಶಾಖ ಹೆಚ್ಚು ಒಳಬರುತ್ತದೆ, ಮತ್ತು ಮಂಜು ಕಟ್ಟದಿರಲೆಂದು ಅನೇಕ ಬಾಗಿಲುಗಳ ಅಂಚಿನಲ್ಲಿ ಹೀಟರ್ ಕೂಡ ಇರುತ್ತದೆ. ಗ್ರಾಹಕರು ನೋಡಿ ಆರಿಸುವ ಜಾಗಕ್ಕೆ ಗಾಜು, ಒಲೆಯ ಬಿಸಿ ತಾಗುವ ಅಡುಗೆಮನೆಗೆ ಮುಚ್ಚಿದ ಬಾಗಿಲು. ಒಳಗೇನಿದೆ ಎಂದು ತೋರಿಸಲು ಮುಚ್ಚಿದ ಬಾಗಿಲಿನ ಹೊರಗೆ ಶೆಲ್ಫ್‌ಗಳ ನಕ್ಷೆಯೊಂದನ್ನು ಅಂಟಿಸಿದರೆ ಗಾಜಿನ ಅರ್ಧ ಪ್ರಯೋಜನ ಅಲ್ಲೇ ಸಿಗುತ್ತದೆ. ನಕ್ಷೆಯಲ್ಲಿ ಹೆಸರಿನ ಜೊತೆ ಪ್ರತಿಯೊಂದೂ ಗರಿಷ್ಠ ಎಷ್ಟು ಇರಬೇಕೆಂಬ ಸಂಖ್ಯೆಯನ್ನೂ ಬರೆಯಬೇಕು.

ಕಂಪ್ರೆಸರ್ ಮೇಲಿದೆಯೋ ಕೆಳಗಿದೆಯೋ ಎಂಬುದೂ ಜೋಡಣೆಯನ್ನು ಮುಟ್ಟುತ್ತದೆ. ಕೆಳಗಿದ್ದರೆ ತಳದ ಶೆಲ್ಫ್ ನೆಲದಿಂದ ಎತ್ತರದಲ್ಲಿದ್ದು, ಭಾರದ ಮಾಂಸದ ಟ್ರೇಗಳನ್ನು ಬಗ್ಗದೆ ಎತ್ತಬಹುದು. ಆದರೆ ನೆಲದ ಧೂಳು, ಹಿಟ್ಟನ್ನೆಲ್ಲ ಅದು ಎಳೆದುಕೊಳ್ಳುವುದರಿಂದ ಶಾಖವನ್ನು ಹೊರಬಿಡುವ ಕಂಡೆನ್ಸರನ್ನು ಹೆಚ್ಚು ಸಲ ಸ್ವಚ್ಛ ಮಾಡಬೇಕಾಗುತ್ತದೆ. ಹಿಟ್ಟಿನ ಕೆಲಸ ನಡೆಯುವ ಜಾಗದಲ್ಲಿ ಮೇಲಿರುವುದೇ ಲೇಸು.

ತಂತಿಯ ಶೆಲ್ಫ್, ಗಟ್ಟಿ ಶೆಲ್ಫ್

ತಂತಿಯ ಶೆಲ್ಫ್‌ನ ಮೂಲಕ ಗಾಳಿ ಆಡುತ್ತದೆ, ಹನಿಯೂ ಇಳಿಯುತ್ತದೆ. ಗಟ್ಟಿ ಶೆಲ್ಫ್ ಹನಿಯನ್ನು ತಡೆಯುತ್ತದೆ, ಗಾಳಿಯನ್ನೂ ತಡೆಯುತ್ತದೆ. ಈ ಎರಡರ ನಡುವೆ ಗಾಳಿಯ ಪರವಾಗಿ ನಿಲ್ಲುವುದೇ ಸರಿ, ಏಕೆಂದರೆ ಹನಿಯನ್ನು ತಡೆಯಲು ಅಂಚು ಎತ್ತರವಿರುವ ಟ್ರೇ ಒಂದು ಸಾಕು, ಗಾಳಿಗೆ ಅಂಥ ಬದಲಿ ದಾರಿಯಿಲ್ಲ. ತಂತಿಯ ಶೆಲ್ಫ್ ಮೇಲೆ ಸಾಲಾಗಿ ರಟ್ಟು ಹಾಸುವವರು, ಫಾಯಿಲ್ ಸುತ್ತುವವರು ಒಂದೇ ಏಟಿಗೆ ಎರಡರ ಲಾಭವನ್ನೂ ಕಳೆದುಕೊಳ್ಳುತ್ತಾರೆ. ರಟ್ಟು ತೇವ ಹೀರಿ ಬೂಷ್ಟು ಹಿಡಿಯುವುದು ಬೇರೆ. ಸರಕು ಬಂದ ರಟ್ಟಿನ ಪೆಟ್ಟಿಗೆಗಳನ್ನು ಹೊರಗೇ ಬಿಚ್ಚಿ, ಒಳಗಿನದನ್ನು ಮಾತ್ರ ಫ್ರಿಜ್‌ಗೆ ಒಯ್ಯುವುದು ಇದೇ ಕಾರಣಕ್ಕೆ.

ಲೋಹದ ಆಯ್ಕೆಯಲ್ಲಿ, ಕ್ರೋಮ್ ಲೇಪಿತ ತಂತಿ ಒಣ ಉಗ್ರಾಣಕ್ಕೆ ಸರಿ, ತೇವವಿರುವ ಕೋಲ್ಡ್ ರೂಮ್‌ನಲ್ಲಿ ತುಕ್ಕು ಹಿಡಿಯುತ್ತದೆ. ಎಪಾಕ್ಸಿ ಲೇಪನ ತೇವವನ್ನು ತಾಳುತ್ತದೆ, ಆದರೆ ಭಾರದ ಪಾತ್ರೆಗಳ ಉಜ್ಜಾಟಕ್ಕೆ ಲೇಪನ ಎದ್ದರೆ ಅಲ್ಲಿಂದಲೇ ತುಕ್ಕು ಶುರು. ಬಿಡಿ ಹಲಗೆಗಳಿರುವ ಪ್ಲಾಸ್ಟಿಕ್ ಶೆಲ್ಫ್ ತೊಳೆಯಲು ಸುಲಭ. ಸ್ಟೇನ್‌ಲೆಸ್ ಸ್ಟೀಲ್ ಎಲ್ಲಕ್ಕಿಂತ ದುಬಾರಿಯಾದರೂ ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ.

ಶೆಲ್ಫ್ ಯಾವುದಾದರೂ ಹಿಂಗೋಡೆಗೂ ಸರಕಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಡಬೇಕು, ಫ್ಯಾನಿನ ಬಾಯಿಗೆ ಏನನ್ನೂ ಅಡ್ಡ ಇಡಬಾರದು. ಫ್ರಿಜ್ ತಂಪಾಗುತ್ತಿಲ್ಲ ಎಂಬ ದೂರು ಬಂದಾಗ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ ನೋಡಬೇಕಾದದ್ದು ಈ ಎರಡು ಜಾಗಗಳನ್ನು, ಆಮೇಲೆ ಬಾಗಿಲಿನ ರಬ್ಬರನ್ನು. ಬಾಗಿಲ ಸಂದಿಯಲ್ಲಿ ಒಂದು ಕಾಗದ ಇಟ್ಟು ಮುಚ್ಚಿ ಎಳೆದಾಗ ಅದು ಸಲೀಸಾಗಿ ಜಾರಿ ಬಂದರೆ ರಬ್ಬರ್ ಬದಲಿಸುವ ಕಾಲ ಬಂದಿದೆ.

ಪಾತ್ರೆಗಳು, ಮತ್ತು ಬಿಸಿ ಅಡುಗೆಯ ಪ್ರಶ್ನೆ

ದುಂಡನೆಯ ಪಾತ್ರೆಗಳು ಶೆಲ್ಫ್‌ನಲ್ಲಿ ಮೂಲೆಗಳನ್ನು ವ್ಯರ್ಥ ಮಾಡುತ್ತವೆ. ದುಂಡು ಡಬ್ಬಿಯೊಂದು ತಾನು ಕೂರುವ ಚೌಕದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಜಾಗವನ್ನು ಖಾಲಿ ಬಿಡುತ್ತದೆ ಎಂಬುದು ಲೆಕ್ಕದ ಮಾತು. ವೃತ್ತಿಪರ ಅಡುಗೆಮನೆಗಳಲ್ಲಿ ಗ್ಯಾಸ್ಟ್ರೋನಾರ್ಮ್ ಎಂಬ ಅಳತೆಯ ಟ್ರೇಗಳು ರೂಢಿಗೆ ಬಂದಿರುವುದು ಇದಕ್ಕಾಗಿಯೇ: ಪೂರ್ಣ ಟ್ರೇ 530×325 ಮಿಲಿಮೀಟರ್, ಅರ್ಧದ್ದು 325×265, ಮೂರನೇ ಒಂದರದ್ದು 325×176, ಆರನೇ ಒಂದರದ್ದು 176×162. ಫ್ರಿಜ್, ಓವನ್, ಬಡಿಸುವ ಕೌಂಟರ್ ಎಲ್ಲವೂ ಇದೇ ಅಳತೆಗೆ ಹೊಂದಿದ್ದರೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವ ಕೆಲಸವೇ ತಪ್ಪುತ್ತದೆ. ಈಗಾಗಲೇ ಬೇರೆ ಅಳತೆಯ ಫ್ರಿಜ್ ಇದ್ದವರು ಮಾತ್ರ ಮೊದಲು ಶೆಲ್ಫ್ ಅಳೆದು ಆಮೇಲೆ ಟ್ರೇ ಕೊಳ್ಳಬೇಕು.

ಸ್ಟೀಲ್ ಮತ್ತು ಪಾರದರ್ಶಕ ಪಾಲಿಕಾರ್ಬೊನೇಟ್ ಟ್ರೇಗಳಲ್ಲಿ ಯಾವುದು ಮೇಲು ಎಂದರೆ, ತಣಿಸುವುದಕ್ಕೆ ಸ್ಟೀಲ್, ತಣಿದ ಮೇಲೆ ಇಡುವುದಕ್ಕೆ ಪಾಲಿಕಾರ್ಬೊನೇಟ್. ಸ್ಟೀಲ್ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ; ಪಾರದರ್ಶಕವಾದದ್ದು ಮುಚ್ಚಳ ತೆಗೆಯದೆಯೇ ಏನಿದೆ, ಎಷ್ಟಿದೆ ಎಂದು ತೋರಿಸುತ್ತದೆ.

ಬಿಸಿ ಅಡುಗೆಯನ್ನು ತಣಿಸುವ ವಿಷಯಕ್ಕೆ ತುಸು ಹೆಚ್ಚು ಗಮನ ಕೊಡಬೇಕು, ಏಕೆಂದರೆ ಇಡೀ ಫ್ರಿಜ್‌ನ ವ್ಯವಸ್ಥೆಯನ್ನು ಒಂದೇ ಪಾತ್ರೆ ಹಾಳುಮಾಡಬಲ್ಲದು. 10 ಲೀಟರ್ ಸೂಪು 60 ಡಿಗ್ರಿಯಿಂದ 5 ಡಿಗ್ರಿಗೆ ಇಳಿಯುವಾಗ ಹೊರಬಿಡುವ ಶಾಖ ಸುಮಾರು 2,300 ಕಿಲೋಜೂಲ್. ಅಂದರೆ ಸುಮಾರು 7 ಕಿಲೋ ಮಂಜುಗಡ್ಡೆಯನ್ನು ಪೂರ್ತಿ ಕರಗಿಸಿ ನೀರಾಗಿಸುವಷ್ಟು. ಅಷ್ಟೂ ಶಾಖವನ್ನು ಫ್ರಿಜ್‌ನೊಳಗೆ ಬಿಟ್ಟರೆ ಅದು ಪಕ್ಕದ ಹಾಲನ್ನೂ ಮೊಸರನ್ನೂ ಬೆಚ್ಚಗೆ ಮಾಡಿದ ಮೇಲೆಯೇ ಕಂಪ್ರೆಸರ್ ಮೂಲಕ ಹೊರಹೋಗುತ್ತದೆ. ಹಾಗೆಂದು ರಾತ್ರಿಯಿಡೀ ಹೊರಗೆ ಬಿಡುವುದು ಇನ್ನೂ ಅಪಾಯ. ಬೇಯಿಸಿದರೂ ಸಾಯದ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್‌ನಂಥ ಬ್ಯಾಕ್ಟೀರಿಯಾಗಳ ಬೀಜಕಣಗಳು ನಿಧಾನವಾಗಿ ಆರುವ ದೊಡ್ಡ ಪಾತ್ರೆಯಲ್ಲೇ ಮೊಳೆತು ಬೆಳೆಯುತ್ತವೆ. ಅಮೆರಿಕದ ಆಹಾರ ಸುರಕ್ಷತೆಯ ಮಾದರಿ ನಿಯಮಾವಳಿಯಾದ ಫುಡ್ ಕೋಡ್ ಇದಕ್ಕೆ ಇಟ್ಟಿರುವ ಗಡುವು ಎರಡು ಹಂತದ್ದು: 57 ಡಿಗ್ರಿಯಿಂದ 21 ಡಿಗ್ರಿಗೆ 2 ಗಂಟೆಯೊಳಗೆ, ಒಟ್ಟು 6 ಗಂಟೆಯೊಳಗೆ 5 ಡಿಗ್ರಿಗೆ. ಮೊದಲ ಹಂತಕ್ಕೆ ಕಡಿಮೆ ಸಮಯ ಕೊಟ್ಟಿರುವುದು ಆ ಶಾಖದಲ್ಲೇ ಬ್ಯಾಕ್ಟೀರಿಯಾಗಳ ಬೆಳವಣಿಗೆ ಅತಿ ವೇಗವಾಗಿರುವುದರಿಂದ.

ಇದನ್ನು ಸಾಧಿಸಲು ಇರುವ ದಾರಿಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಆಳ ಕಡಿಮೆ ಮಾಡುವುದು. ಗಟ್ಟಿಯಾದ ಪದಾರ್ಥ ತಣಿಯಲು ಬೇಕಾಗುವ ಸಮಯ ಅದರ ದಪ್ಪದ ವರ್ಗಕ್ಕೆ ಹೆಚ್ಚುಕಡಿಮೆ ಅನುಗುಣವಾಗಿರುತ್ತದೆ. ದಪ್ಪವನ್ನು ಅರ್ಧ ಮಾಡಿದರೆ ಸಮಯ ಕಾಲುಭಾಗದ ಹತ್ತಿರಕ್ಕೆ ಬರುತ್ತದೆ. ಆದ್ದರಿಂದ 65 ಮಿಲಿಮೀಟರ್ ಆಳದ ಟ್ರೇಗಳಲ್ಲಿ 5 ಸೆಂಟಿಮೀಟರ್ ಮೀರದಂತೆ ಹರಡಿ, ಮೊದಲು ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿ ನಿಲ್ಲಿಸಿ ಕೈಯಾಡಿಸಿ, ಬಿಸಿ ಆರಿದ ಮೇಲೆ ಫ್ರಿಜ್‌ಗೆ ಸೇರಿಸುವುದು ಸಣ್ಣ ಅಡುಗೆಮನೆಗೆ ಸಾಕಾಗುವ ವಿಧಾನ. ತಣಿಯುವವರೆಗೆ ಮುಚ್ಚಳವನ್ನು ಸಡಿಲವಾಗಿಟ್ಟು, ಮೇಲಿನಿಂದ ಏನೂ ಬೀಳದ ಶೆಲ್ಫ್‌ನಲ್ಲಿ ಇರಿಸಿ, ಆಮೇಲೆ ಬಿಗಿಯಾಗಿ ಮುಚ್ಚಬೇಕು. ದಿನವೂ ದೊಡ್ಡ ಪ್ರಮಾಣದಲ್ಲಿ ತಣಿಸುವವರಿಗೆ ಬ್ಲಾಸ್ಟ್ ಚಿಲ್ಲರ್ ಬೇಕು. ಅದು ಸುಮಾರು 90 ನಿಮಿಷದಲ್ಲಿ 70 ಡಿಗ್ರಿಯಿಂದ 3 ಡಿಗ್ರಿಗೆ ಇಳಿಸಲೆಂದೇ ಮಾಡಿದ ಯಂತ್ರ. ವಾರಕ್ಕೆ ಒಂದೆರಡು ಸಲ ಮಾತ್ರ ತಣಿಸುವವರಿಗೆ ಅದು ಅಡುಗೆಮನೆಯ ಜಾಗ ತಿನ್ನುವ ಅಲಂಕಾರವಾದೀತು.

ತರಕಾರಿ, ಹಣ್ಣುಗಳಿಗೆ ಬೇರೆ ಜಾಗ ಬೇಕೇ?

ಸೇಬು, ಪೇರು, ಕರಬೂಜ, ಮಾಗಿದ ಟೊಮೆಟೊಗಳು ಕಾಯಿಯನ್ನು ಮಾಗಿಸುವ ಎಥಿಲೀನ್ ಅನಿಲವನ್ನು ಬಿಡುತ್ತವೆ. ಅದರ ಸಂಗದಲ್ಲಿ ಸೊಪ್ಪು ಹಳದಿಯಾಗುತ್ತದೆ, ಸೌತೆಕಾಯಿ ಬೇಗ ಹಾಳಾಗುತ್ತದೆ, ಗಜ್ಜರಿ ಕಹಿಯಾಗುತ್ತದೆ. ಎರಡು ಯಂತ್ರಗಳಿದ್ದರೆ ಹಣ್ಣನ್ನು ಒಂದರಲ್ಲಿ, ಸೊಪ್ಪನ್ನು ಇನ್ನೊಂದರಲ್ಲಿ ಇಡಬೇಕು. ಒಂದೇ ಇದ್ದರೆ ಎರಡರ ನಡುವೆ ಅಂತರ ಬಿಟ್ಟು, ಸೊಪ್ಪನ್ನು ಮುಚ್ಚಳವಿರುವ ಟ್ರೇಯಲ್ಲಿ ಒದ್ದೆ ಬಟ್ಟೆಯ ಕೆಳಗೆ ಇಡುವುದು ತಕ್ಕಮಟ್ಟಿಗೆ ನಡೆಯುತ್ತದೆ. ಫ್ಯಾನಿನ ಗಾಳಿಗೆ ಎಲೆ ಬಾಡದಿರುವುದಕ್ಕೂ ಇದು ಸಹಾಯಕ. ತೊಳೆಯದ ತರಕಾರಿಯನ್ನು ತಯಾರಾದ ಆಹಾರದ ಮೇಲೆ ಇಡಬಾರದು, ಅದಕ್ಕೂ ಎತ್ತರದ ನಿಯಮವೇ ಅನ್ವಯಿಸುತ್ತದೆ.

ಫ್ರೀಜರ್: ಪೆಟ್ಟಿಗೆಯೋ, ಬೀರುವೋ

ಫ್ರಿಜ್ ತುಂಬಿ ತುಳುಕಿದರೆ ಕೆಡುತ್ತದೆ, ಫ್ರೀಜರ್ ತುಂಬಿದ್ದಷ್ಟೂ ಒಳ್ಳೆಯದು. ಫ್ರಿಜ್‌ನಲ್ಲಿ ತಂಪನ್ನು ಒಯ್ಯುವುದು ಗಾಳಿ, ಅದಕ್ಕೆ ದಾರಿ ಬೇಕು. ಫ್ರೀಜರ್‌ನಲ್ಲಿ ಗಟ್ಟಿಯಾದ ಸರಕೇ ತಂಪಿನ ಸಂಗ್ರಹ. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ತಡೆಯುತ್ತದೆ, ಫ್ರಿಜ್ ಸುಮಾರು 4 ಗಂಟೆ ಮಾತ್ರ. ಒಳಗೆ ಫ್ಯಾನ್ ಇರುವ ಫ್ರೀಜರ್‌ನಲ್ಲಿ ಗಾಳಿಯ ಬಾಯಿಯನ್ನು ಮಾತ್ರ ಅಲ್ಲಿಯೂ ಬಿಟ್ಟಿರಬೇಕು.

ಮೇಲಿನಿಂದ ತೆರೆಯುವ ಚೆಸ್ಟ್ ಫ್ರೀಜರ್‌ನಲ್ಲಿ ಭಾರವಾದ ತಣ್ಣನೆಯ ಗಾಳಿ ಒಳಗೇ ಉಳಿಯುತ್ತದೆ, ಹಾಗಾಗಿ ವಿದ್ಯುತ್ ಉಳಿತಾಯವೂ ಹೆಚ್ಚು. ಅದರ ಕೊರತೆಯೆಂದರೆ ತಳದಲ್ಲಿರುವುದು ಮರೆತೇಹೋಗುತ್ತದೆ. ನಿಲುವು ಫ್ರೀಜರ್ ಪ್ರತಿ ಸಲ ತೆರೆದಾಗಲೂ ತಣ್ಣನೆಯ ಗಾಳಿಯನ್ನು ಕಾಲ ಬುಡಕ್ಕೆ ಚೆಲ್ಲುತ್ತದೆ, ಆದರೆ ಎಲ್ಲವೂ ಕಣ್ಣೆದುರಿಗಿರುತ್ತದೆ. ಒಂದೇ ಬಗೆಯ ಸರಕನ್ನು ಬಹಳ ದಿನ ಇಡುವವರು ಚೆಸ್ಟ್ ಫ್ರೀಜರ್ ಆರಿಸಲಿ. ಹಲವು ಬಗೆಯದನ್ನು ದಿನವೂ ತೆಗೆಯುವವರು ನಿಲುವು ಫ್ರೀಜರ್ ಆರಿಸಲಿ. ಚೆಸ್ಟ್ ಫ್ರೀಜರ್ ಆರಿಸಿದವರು ಬುಟ್ಟಿಗಳನ್ನು ಹಾಕಿ, ಒಳಗಿರುವುದರ ಪಟ್ಟಿಯನ್ನು ಮುಚ್ಚಳದ ಮೇಲೆ ಬರೆದಿಟ್ಟು, ತೆಗೆದಾಗಲೆಲ್ಲ ಒಂದು ಗೆರೆ ಹೊಡೆಯದೆ ಹೋದರೆ ಆ ಉಳಿತಾಯವೆಲ್ಲ ತಳದಲ್ಲಿ ಒಣಗಿದ ಮಾಂಸದ ರೂಪದಲ್ಲಿ ಹೋಗುತ್ತದೆ. ಗೋಡೆಗೆ ಕಟ್ಟಿದ ಹಿಮ 6 ಮಿಲಿಮೀಟರ್ ಆದಾಗ ಕರಗಿಸಬೇಕು.

ಸಂಗ್ರಹದ ಫ್ರೀಜರ್ ಹೆಪ್ಪುಗಟ್ಟಿದ್ದನ್ನು ಹಾಗೆಯೇ ಇಡಲು ಮಾಡಿದ್ದೇ ಹೊರತು ದೊಡ್ಡ ಪ್ರಮಾಣವನ್ನು ಹೆಪ್ಪುಗಟ್ಟಿಸಲು ಅಲ್ಲ. ನಿಧಾನವಾಗಿ ಹೆಪ್ಪುಗಟ್ಟಿದಾಗ ಹಿಮದ ಹರಳುಗಳು ದೊಡ್ಡದಾಗಿ ಬೆಳೆದು ಜೀವಕೋಶಗಳನ್ನು ಒಡೆಯುತ್ತವೆ, ಕರಗಿಸಿದಾಗ ರಸವೆಲ್ಲ ಸೋರಿಹೋಗುತ್ತದೆ. ಆದ್ದರಿಂದ ಚೀಲಗಳಲ್ಲಿ ತೆಳ್ಳಗೆ ಚಪ್ಪಟೆಯಾಗಿ ತುಂಬಿ, ಒಂದರ ಮೇಲೊಂದು ಬೀಳದಂತೆ ಟ್ರೇಯಲ್ಲಿ ಮಲಗಿಸಿ, ಗಟ್ಟಿಯಾದ ಮೇಲೆ ಪುಸ್ತಕಗಳ ಹಾಗೆ ನಿಲ್ಲಿಸಿದರೆ ಹೆಪ್ಪುಗಟ್ಟುವುದೂ ಬೇಗ, ಬೇಕಾದದ್ದನ್ನು ಎಳೆಯುವುದೂ ಸುಲಭ. ಗಾಳಿ ಉಳಿದ ಚೀಲದಲ್ಲಿ ಹಿಮ ನೇರವಾಗಿ ಆವಿಯಾಗಿ, ಆಹಾರದ ಮೇಲ್ಮೈ ಒಣಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇದು ವಿಷವಲ್ಲ, ಆದರೆ ಗ್ರಾಹಕರಿಗೆ ಕೊಡುವಂಥದ್ದೂ ಅಲ್ಲ. ವ್ಯಾಕ್ಯೂಮ್ ಪ್ಯಾಕಿಂಗ್ ಇದಕ್ಕೆ ಒಳ್ಳೆಯ ತಡೆ.

ಕರಗಿಸುವ ಜಾಗವನ್ನು ಜೋಡಣೆಯಲ್ಲಿ ಮೊದಲೇ ಮೀಸಲಿಟ್ಟಿರಬೇಕು. ಫ್ರಿಜ್‌ನ ತಳದ ಶೆಲ್ಫ್‌ನಲ್ಲಿ, ಅಂಚು ಎತ್ತರವಿರುವ ಟ್ರೇಯಲ್ಲಿ, 2ರಿಂದ 2.5 ಕಿಲೋ ಗಟ್ಟಿ ಮಾಂಸಕ್ಕೆ ಸುಮಾರು ಒಂದು ದಿನ ಹಿಡಿಯುತ್ತದೆ. ಆ ಜಾಗವಿಲ್ಲದ ಅಡುಗೆಮನೆಯಲ್ಲಿ ಮಾಂಸ ಸಿಂಕಿನ ಪಕ್ಕದಲ್ಲೇ ಕರಗುತ್ತದೆ, ಎಷ್ಟು ಹೇಳಿದರೂ.

ಲೇಬಲ್‌ಗಳ ಆಯ್ಕೆ

ಲೇಬಲ್‌ನಲ್ಲಿ ಪದಾರ್ಥದ ಹೆಸರು, ಮಾಡಿದ ದಿನ, ಬಳಸಬೇಕಾದ ಕೊನೆಯ ದಿನ, ಅಲರ್ಜಿ ತರುವ ಅಂಶಗಳು, ಬರೆದವರ ಗುರುತು ಇರಬೇಕು. ಫುಡ್ ಕೋಡ್ ಪ್ರಕಾರ ತಯಾರಾದ ಆಹಾರವನ್ನು 5 ಡಿಗ್ರಿಯಲ್ಲಿ, ಮಾಡಿದ ದಿನವನ್ನೂ ಸೇರಿಸಿ, 7 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ; ಅನೇಕ ಅಡುಗೆಮನೆಗಳು ತಾವಾಗಿಯೇ 3 ದಿನಕ್ಕೆ ನಿಲ್ಲಿಸುತ್ತವೆ. ತೊಳೆದಾಗ ಕರಗಿಹೋಗುವ ಲೇಬಲ್ ದಿನವೂ ತೊಳೆಯುವ ಟ್ರೇಗಳಿಗೆ ಒಪ್ಪುತ್ತದೆ, ಫ್ರೀಜರ್‌ಗೆ ಒಪ್ಪುವುದಿಲ್ಲ. ತಂಪಿನಲ್ಲಿ ಸಾಮಾನ್ಯ ಗೋಂದು ಬಿಟ್ಟುಕೊಳ್ಳುವುದರಿಂದ ಫ್ರೀಜರ್‌ಗೆಂದೇ ಮಾಡಿದ ಲೇಬಲನ್ನು ಆಹಾರ ತುಂಬುವ ಮೊದಲೇ ಒಣ ಚೀಲಕ್ಕೆ ಅಂಟಿಸಬೇಕು. ದಿನಕ್ಕೊಂದು ಬಣ್ಣದ ಚುಕ್ಕೆ ಫ್ರಿಜ್‌ನಲ್ಲಿ ದೂರದಿಂದಲೇ ಓದಿಸಿಕೊಳ್ಳುತ್ತದೆ, ಆದರೆ ವಾರ ದಾಟಿದ ಕೂಡಲೇ ಅದೇ ಬಣ್ಣ ಮತ್ತೆ ಬರುವುದರಿಂದ ಫ್ರೀಜರ್‌ನಲ್ಲಿ ಬಣ್ಣವನ್ನು ನಂಬಬಾರದು, ಅಲ್ಲಿ ತಿಂಗಳು ಸಹಿತ ದಿನಾಂಕವೇ ಬೇಕು.

ಇನ್ನೊಂದು ಯಂತ್ರ ಕೊಳ್ಳಬೇಕೇ?

ಜಾಗ ಸಾಲದು ಎನಿಸಿದಾಗ ಹೊಸ ಫ್ರಿಜ್ ಕೊಳ್ಳುವುದಕ್ಕೂ ಇದ್ದದ್ದನ್ನೇ ಸರಿಪಡಿಸುವುದಕ್ಕೂ ನಡುವೆ ತೀರ್ಮಾನಿಸಲು, ಸರಕು ಬರುವ ದಿನದ ಹಿಂದಿನ ರಾತ್ರಿ ಒಳಗೆ ಎಷ್ಟಿದೆ ಎಂದು ನೋಡಬೇಕು. ಆಗಲೂ ಶೆಲ್ಫ್‌ಗಳು ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಕೊರತೆ ಜಾಗದ್ದಲ್ಲ, ಆರ್ಡರ್‌ನದ್ದು: ಕಡಿಮೆ ತರಿಸಿ, ಹೆಚ್ಚು ಸಲ ತರಿಸುವುದರಿಂದ ಅದು ನೀಗುತ್ತದೆ. ಆ ರಾತ್ರಿ ಶೆಲ್ಫ್‌ಗಳು ಬರಿದಾಗಿದ್ದು, ಮರುದಿನ ಸರಕು ಬಂದಾಗ ಮಾತ್ರ ಹಸಿ ಮಾಂಸವನ್ನು ತಳದಲ್ಲಿ ಹಿಡಿಸಲಾಗದೆ ಮೇಲಕ್ಕೇರಿಸಬೇಕಾಗುತ್ತಿದ್ದರೆ, ಅದು ಇನ್ನೊಂದು ಯಂತ್ರ ನಿಜವಾಗಿಯೂ ಬೇಕೆಂಬುದರ ಗುರುತು. ಹಾಗೆ ಕೊಳ್ಳುವಾಗ ದೊಡ್ಡದೊಂದರ ಬದಲು ಚಿಕ್ಕದನ್ನು ಕೊಂಡು, ಅದನ್ನು ಹಸಿ ಮಾಂಸಕ್ಕೆಂದೇ ಬಿಟ್ಟುಕೊಟ್ಟು, ಹಳೆಯ ಫ್ರಿಜ್‌ನ ತಳದ ಶೆಲ್ಫನ್ನು ತೊಳೆದು ಸೋಂಕು ತೆಗೆದ ನಂತರ ತರಕಾರಿಗೆ ಕೊಡುವುದು ಹೆಚ್ಚಿನ ಅಡುಗೆಮನೆಗಳಿಗೆ ಸಾಕಾಗುತ್ತದೆ.